ಮೇಸ್ತ್ರಿಯ ಗೋಡೆ

"ನೀವು ಕೇಳಿದ ಬಿರುಕು ಇದೇ ನೋಡಿ," ಎಂದು ಚರ್ಚು ನೋಡಿಕೊಳ್ಳುವ ಹೆಂಗಸು ಪೊರಕೆಯ ತುದಿಯಿಂದ ಗೋಡೆ ತೋರಿಸಿದಳು.

ಚೂಪು ಕಮಾನಿನ ನೆತ್ತಿಯಲ್ಲಿ ಹುಟ್ಟಿದ ಬಿರುಕು ಬಣ್ಣದ ಗಾಜಿನ ಕಿಟಕಿಯನ್ನು ಸವರಿಕೊಂಡು ನೆಲದವರೆಗೂ ಇಳಿದಿತ್ತು. ನಾಲ್ಕು ಬೆರಳು ತೂರುವಷ್ಟು ಅಗಲ. ಗಣಿಯ ಸರ್ವೆಯರ್ ಆಗಿದ್ದ ಮುದುಕ ಮೂವತ್ತೆರಡು ವರ್ಷದ ಹಿಂದೆ ಈ ಊರು ಬಿಟ್ಟಾಗ ಅದು ಇದರ ಅರ್ಧವೂ ಇರಲಿಲ್ಲ.

"ಬಂದವರೆಲ್ಲ ಮೊದಲು ಕೇಳೋದೇ ಇದನ್ನ. ರಿಪೇರಿ ಮಾಡಿದ ಮೇಸ್ತ್ರಿ ಸುಣ್ಣ ಕದ್ದು ಮಣ್ಣು ತುಂಬಿದ ಅಂತ ಹೇಳಬೇಕು. ಹಾಗೇ ಹೇಳಿಕೊಟ್ಟಿದ್ದಾರೆ."

"ಆ ಮೇಸ್ತ್ರಿ ಈಗ ಎಲ್ಲಿದ್ದಾರಮ್ಮ?"

"ಹೋಗಿ ಹನ್ನೊಂದು ವರ್ಷ ಆಯ್ತು." ಅವಳು ಕಸ ಒಂದೆಡೆ ಗುಡ್ಡೆ ಮಾಡಿದಳು. "ನಮ್ಮಪ್ಪ ಅವರು."

ಮುದುಕ ಹತ್ತಿರದ ಬೆಂಚಿನ ಮೇಲೆ ಕೂತ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಆ ಮೇಸ್ತ್ರಿಗೆಂದೇ ಇತ್ತು.

ಅಂದು ಗಣಿಯ ಅದಿರಿನ ಎಳೆ ಚರ್ಚಿನ ಅಡಿಗೇ ಹರಿದಿತ್ತು. "ನಕ್ಷೆಯಲ್ಲಿ ಸುರಂಗದ ಗೆರೆ ಚರ್ಚಿಗಿಂತ ಈಚೆಗೇ ನಿಲ್ಲಿಸಿಬಿಡಪ್ಪ, ಮಿಕ್ಕಿದ್ದು ನನಗೆ ಬಿಡು," ಎಂದು ಮ್ಯಾನೇಜರ್ ಹೆಗಲ ಮೇಲೆ ಕೈಯಿಟ್ಟಿದ್ದ. ಸರ್ವೆಯರ್ ಗೆರೆ ನಿಲ್ಲಿಸಿದ. ಸುರಂಗ ನಿಲ್ಲಲಿಲ್ಲ. ರಿಪೇರಿಯಾದ ಗೋಡೆ ಮತ್ತೆ ಬಿರುಕು ಬಿಟ್ಟಾಗ, ಊರಿನ ಮುಂದೆ ನಡೆದ ವಿಚಾರಣೆಯಲ್ಲಿ, ಮೈಯೆಲ್ಲ ಗಾರೆಯಾಗಿದ್ದ ಮೇಸ್ತ್ರಿ ಕೈಮುಗಿದು ಕೇಳಿದ್ದ: "ನೀವಾದ್ರೂ ಹೇಳಿ ಸಾರ್, ಇದರ ಕೆಳಗೆ ಏನೂ ಇಲ್ವಾ?"

"ನಕ್ಷೆಯಲ್ಲಿ ಏನೂ ಇಲ್ಲ," ಎಂದಿದ್ದ ಸರ್ವೆಯರ್. ಆ ಮಾತು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡು ಎಷ್ಟೋ ವರ್ಷ ಕಳೆದಿದ್ದ.

ಈಗ ಅದನ್ನೆಲ್ಲ ಮೇಸ್ತ್ರಿಯ ಮಗಳಿಗೆ ಹೇಳಿದ. ಪೊರಕೆ ನಿಂತಿತು.

"ಅಪ್ಪ ವಾರಕ್ಕೊಂದು ಸಲ ಬಂದು ಈ ಗೋಡೆ ತಟ್ಟಿ ತಟ್ಟಿ ನೋಡ್ತಿದ್ರು. ಎಲ್ಲಿ ತಪ್ಪಿದೆನೋ ತಿಳೀತಿಲ್ಲ ಮಗಳೇ ಅನ್ನೋರು. ಊರೆಲ್ಲ ಅಂದೂ ಅಂದೂ, ಕೊನೆಗೆ ಅವರೇ ನಂಬಿಬಿಟ್ರು. ಸುಣ್ಣ ನಾನೇ ಕಮ್ಮಿ ಹಾಕಿರಬೇಕು ಅಂತ ಹೇಳಿಕೊಂಡೇ ಕಣ್ಣು ಮುಚ್ಚಿದ್ರು."

"ತಪ್ಪಾಯ್ತು ತಾಯಿ."

"ನನಗೆ ಹೇಳಿದ್ರೆ ಏನು ಬಂತು? ಅಮ್ಮ ಇದ್ದಾರೆ. ನಡೀರಿ." ಅವಳು ಬಾಗಿಲಿಗೆ ಬೀಗ ಹಾಕಿದಳು. "ಅವರಿಗೆ ಕಿವಿ ಮಂದ. ಜೋರಾಗಿ ಹೇಳಬೇಕಾಗುತ್ತೆ."

ಗಣಿ ಕಾರ್ಮಿಕರ ಸಾಲುಮನೆಗಳ ಬೀದಿ ಅದು. ಒಂದು ಮನೆಯಿಂದ ಕೈ ಚಾಚಿದರೆ ಇನ್ನೊಂದು ಮನೆಯ ಗೋಡೆ ಸಿಗುವಷ್ಟು ಇಕ್ಕಟ್ಟು. ಜಗಲಿಯ ಮೇಲೆ ಬಟಾಣಿ ಬಿಡಿಸುತ್ತಿದ್ದ ಮುದುಕಿಯ ಮುಂದೆ ಕೂತು ಅವನು ಹೇಳಿದ.

"ಏನಂದ್ರಿ?"

ಇನ್ನಷ್ಟು ಹತ್ತಿರ ಬಾಗಿ ಹೇಳಿದ. ಅವಳು ಕಿವಿಯ ಹಿಂದೆ ಅಂಗೈ ಹಿಡಿದು ತಲೆಯಾಡಿಸಿದಳು. ಮಗಳು ಕಂಬಕ್ಕೊರಗಿ ನಿಂತಿದ್ದಳು, ನೆರವಿಗೆ ಬರಲಿಲ್ಲ.

ಮುದುಕ ಎದ್ದು ನಿಂತ. ಎದೆ ತುಂಬ ಉಸಿರೆಳೆದುಕೊಂಡು ಕೂಗಿ ಹೇಳಿದ: "ನಿಮ್ಮ ಯಜಮಾನರು ಸುಣ್ಣ ಕದೀಲಿಲ್ಲಮ್ಮ! ಕೆಳಗೆ ಸುರಂಗ ಇತ್ತು! ಗೊತ್ತಿದ್ದೂ ಮುಚ್ಚಿಟ್ಟವನು ನಾನು!"

ಎದುರುಮನೆಯ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದವಳ ಕೈ ಹಾಗೇ ನಿಂತಿತು. ಅರ್ಧ ಹಿಂಡಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.