ಕೂರುವ ಹೆಜ್ಜೆ

ಪ್ರದರ್ಶನಕ್ಕೆ ನಾಲ್ಕೇ ದಿನ ಬಾಕಿ ಇರುವಾಗ ಬುಗುರಿಗೆ ತಾನು ಕಳ್ಳಿ ಎಂಬುದು ಗೊತ್ತಾಯಿತು. ಅದೂ ಮಟಮಟ ಮಧ್ಯಾಹ್ನ, ಊಟದ ಮೇಜಿನ ಮುಂದೆ, ಕೈಯಲ್ಲಿ ಚಮಚ ಹಿಡಿದು ಕೂತಿದ್ದಾಗ.

ಗೊತ್ತುಮಾಡಿಸಿದವಳು ಬೇರೆ ಯಾರೂ ಅಲ್ಲ, ಹೆತ್ತ ತಾಯಿ. ಅಮ್ಮ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಅದರ ಹೊಟ್ಟೆಯಲ್ಲಿದ್ದ ಫೋಟೊ, ವಿಡಿಯೊಗಳನ್ನೆಲ್ಲ ಹೆಕ್ಕಿ ಹೆಕ್ಕಿ ಮಗಳ ಫೋನಿಗೆ ಕಳಿಸುತ್ತಿದ್ದಳು. ಅವತ್ತು ಬಂದದ್ದು ಎರಡು ನಿಮಿಷದ ಒಂದು ತುಣುಕು, ಜೊತೆಗೆ "ನೋಡೇ, ಕಡ್ಡಿ ಥರ ಇದ್ದೆ" ಎಂಬ ಒಂದು ಸಾಲು. ಹದಿನಾಲ್ಕು ವರ್ಷದ ಹಿಂದಿನದು. ಡಾನ್ಸ್ ಕ್ಲಾಸು ಮುಗಿದು ಹುಡುಗಿಯರು ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಅಮ್ಮ ಕ್ಯಾಮೆರಾ ಆರಿಸಲು ಮರೆತು ಕಿಟಕಿಯ ಮೇಲೆ ಇಟ್ಟಿರಬೇಕು, ಚಿತ್ರ ಅಲ್ಲಾಡದೆ ನಿಲ್ಲುತ್ತದೆ. ಹಾಲಿನ ನಡುವೆ ಟೀಚರ್ ಒಬ್ಬರೇ. ಬಲಗೈಯನ್ನು ಬಲತೊಡೆಯ ಮೇಲಿಡುತ್ತಾರೆ, ಸ್ವಲ್ಪ ಹೊತ್ತು ನಿಲ್ಲುತ್ತಾರೆ, ನಿಧಾನಕ್ಕೆ ಎಡಕ್ಕೆ ತಿರುಗುತ್ತಾ ನೆಲಕ್ಕಿಳಿದು ಕೂರುತ್ತಾರೆ. ಕೂತು, ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾರೆ. ಅಷ್ಟೇ.

ಬುಗುರಿ ಅದನ್ನು ಇನ್ನೊಂದು ಸಲ ಹಾಕಿ ನೋಡಿದಳು. ಏಳೂವರೆ ವಾರ ಬೆವರು ಸುರಿಸಿ ಅವಳು ಕಟ್ಟಿದ್ದ ನೃತ್ಯದ ಜೀವಾಳವೇ ಅದು. ತೊಡೆ, ತಿರುವು, ಕೂರುವುದು, ಹಿಂದಿರುಗಿ ನೋಡುವುದು. ಒಂದು ಎಳೆಯೂ ಆಚೀಚೆ ಇಲ್ಲ.

ಅವಳಿದ್ದದ್ದು ಒಂದು ರೆಸಿಡೆನ್ಸಿಯಲ್ಲಿ. ಹೆಸರು ಕೇಳಿ ಹೆದರಬೇಕಾಗಿಲ್ಲ. ಸ್ವಂತದ್ದೊಂದು ನೃತ್ಯ ಕಟ್ಟಲು ಹೊರಟ ನಾಲ್ವರಿಗೆ, ಹಿಂದೆ ಮುದ್ರಣಾಲಯವಾಗಿದ್ದ ಕಟ್ಟಡದಲ್ಲಿ ಎಂಟು ವಾರ ಒಂದೊಂದು ಕೋಣೆ, ಊಟ, ಹಾಸಿಗೆ, ಆಗಾಗ ಬಂದು ನೋಡಿ ತಿದ್ದಲು ಒಬ್ಬ ಸರ್. ಕೊನೆಯ ಶನಿವಾರ ಸಂಜೆ ನಾಲ್ವರೂ ತಂತಮ್ಮದನ್ನು ತೋರಿಸಬೇಕು. ಅದರಲ್ಲಿ ಒಂದು ಮಾತ್ರ ಮುಂದಿನ ವರ್ಷ ದೊಡ್ಡ ರಂಗಮಂದಿರ ಹತ್ತುತ್ತದೆ. ಚಲನೆ ಪೂರ್ತಿ ಸ್ವಂತದ್ದಾಗಿರಬೇಕು ಎಂಬ ಸಾಲಿನ ಕೆಳಗೆ ಬುಗುರಿ ಮೊದಲ ದಿನವೇ ಸಹಿ ಹಾಕಿದ್ದಳು. ವಯಸ್ಸು ಮೂವತ್ತಾಯಿತು, ಬೇರೆಯವರ ನೃತ್ಯಗಳ ಮೂರನೇ ಸಾಲಿನಲ್ಲಿ ನಿಂತು ನಿಂತು ಸಾಕಾಗಿತ್ತು, ಇದು ಕೈತಪ್ಪಿದರೆ ಇನ್ನೊಂದು ಸಲ ಅರ್ಜಿ ಹಾಕುವ ಹಾಗಿಲ್ಲ.

ಐದನೇ ವಾರದಲ್ಲಿ ಸರ್ ಗೋಡೆಗೊರಗಿ ಕೂತು ಅವಳ ನೃತ್ಯ ನೋಡಿದ್ದರು. ಹೊಗಳಿಕೆಯ ವಿಷಯದಲ್ಲಿ ಮಹಾ ಜಿಪುಣರು. ಅಂಥವರು ಆ ಕೂರುವ ಹೆಜ್ಜೆ ಬಂದಾಗ ಪೆನ್ನು ಕೆಳಗಿಟ್ಟು, "ಇದು ನಿಂದು. ಬೇರೆ ಯಾರೂ ಇದನ್ನ ಮಾಡಕ್ಕಾಗಲ್ಲ" ಎಂದಿದ್ದರು. ಬುಗುರಿ ಆವತ್ತು ಕಾಲು ನೆಲಕ್ಕೆ ತಾಕದ ಹಾಗೆ ಓಡಾಡಿದ್ದಳು. ಈಗ ಅದೇ ಮಾತು ನೆನೆದು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

ಟೀಚರ್ ಜೊತೆ ಮಾತು ಬಿಟ್ಟು ಆರು ವರ್ಷ. ಒಂಬತ್ತನೇ ವಯಸ್ಸಿಗೆ ಇವಳನ್ನು ಸೇರಿಸಿಕೊಂಡು, ಒಂದು ಕಡೆ ನಿಲ್ಲಲಾರದ ಹುಡುಗಿ ಎಂದು ಬುಗುರಿ ಅಂತ ಕರೆದವರೇ ಅವರು. ಇಪ್ಪತ್ತನಾಲ್ಕಕ್ಕೆ ಇವಳು ಬೇರೆ ತಂಡ ಸೇರುತ್ತೇನೆಂದಾಗ ಅವರ ಮುಖ ಕಪ್ಪಿಟ್ಟಿತ್ತು. "ಹೋಗು. ನಿಂದು ನೀನು ಮಾಡ್ಕೋ. ನಂದು ಅನ್ನೋದು ಯಾವುದನ್ನೂ ಮುಟ್ಟಬೇಡ." ಬಾಗಿಲು ಹಾಕಿಕೊಂಡದ್ದು ಅವರೇ. ಹುಡುಗಿಯರು ಹೋದ ಮೇಲೆ ತಾವೊಬ್ಬರೇ ಹೊಸದನ್ನು ಮಾಡಿನೋಡುವ ಅಭ್ಯಾಸ ಅವರಿಗಿತ್ತು. ವಿಡಿಯೊದಲ್ಲಿದ್ದದ್ದು ಅಂಥದ್ದೇ ಒಂದು, ಸಂಶಯವೇ ಇಲ್ಲ. ಯಾವತ್ತೋ ಕಂಡು, ಮರೆತು, ಮೈ ಮಾತ್ರ ಮರೆಯದೆ ಇಟ್ಟುಕೊಂಡಿದೆ. ತಲೆಗೆ ಹೇಳದೆ ಕೇಳದೆ ಕದಿಯುವ ಮೈಯನ್ನು ಏನು ಮಾಡುವುದು, ಹೇಳಿ.

ತೆಗೆದು ಬಿಸಾಕುತ್ತೇನೆ ಎಂದುಕೊಂಡಳು. ಆ ಸಂಜೆ ಮತ್ತು ಮಾರನೇ ದಿನವೆಲ್ಲ ಅದೇ ಕೆಲಸ. ಕೂರುವ ಜಾಗದಲ್ಲಿ ಓಟ ಹಾಕಿದಳು, ಜಿಗಿತ ಹಾಕಿದಳು, ಸುಮ್ಮನೆ ನಿಂತು ನೋಡಿದಳು. ಏನೇ ಹಾಕಿದರೂ ಆ ಹೊತ್ತು ಬಂದಾಗ ಬಲಗೈ ತಾನಾಗಿ ತೊಡೆಗೆ ಹೋಗುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರೆ ಕುತ್ತಿಗೆ ಹಿಂದಕ್ಕೆ ಹೊರಳುತ್ತಿತ್ತು. ಪಕ್ಕದ ಕೋಣೆಯ ಉದ್ದಣ್ಣ, ಬಾಗಿಲಿಗೆ ತಲೆ ತಾಗಿಸಿಕೊಳ್ಳದೆ ಒಳಗೆ ಬರಲು ಬಾರದ ಮನುಷ್ಯ, ನೀರಿನ ಬಾಟಲಿ ಹಿಡಿದು ಬಂದವನು ನಿಂತು ನೋಡಿದ.

"ಕೂರೋದು ಎಲ್ಲಿ ಹೋಯ್ತು?"

"ತೆಗ್ದೆ."

"ತಲೆ ನೆಟ್ಟಗಿದೆ ತಾನೇ? ಅದನ್ನ ತೆಗೆದ್ರೆ ಉಳಿಯೋದು ನಿನ್ನ ಪ್ಯಾಂಟು ಮಾತ್ರ."

"ನಿಂಗ್ಯಾಕೆ, ನಿಂದು ನೀನು ನೋಡ್ಕೋ ಹೋಗು."

ಅವನು ಹೋಗಲಿಲ್ಲ. "ಬೋರ್ಡ್ ನೋಡಿದ್ಯಾ? ಶನಿವಾರ ಬರೋರ ಪಟ್ಟಿ ಹಾಕಿದ್ದಾರೆ."

ಬುಗುರಿಗೆ ಆಗಲೇ ನೆನಪಾದದ್ದು. ಈ ರೆಸಿಡೆನ್ಸಿಗೆ ಒಂದು ಪದ್ಧತಿಯಿತ್ತು. ಕೊನೆಯ ದಿನ ನಾಲ್ವರ ಮೊದಲ ಗುರುಗಳನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸುವುದು. ಮೊದಲ ವಾರ ಫಾರಮ್ಮಿನಲ್ಲಿ ಟೀಚರ್ ವಿಳಾಸ ಬರೆಯುವಾಗ, ಅವರು ಸತ್ತರೂ ಬರುವುದಿಲ್ಲ ಎಂಬ ಧೈರ್ಯವಿತ್ತು. ಮೆಟ್ಟಿಲು ದಡದಡ ಇಳಿದು ಹೋಗಿ ನೋಡಿದಳು. ಪಟ್ಟಿಯಲ್ಲಿ ನಾಲ್ಕೂ ಹೆಸರಿನ ಮುಂದೆ 'ಬರುತ್ತಾರೆ' ಎಂದಿತ್ತು. ಬುಗುರಿ ಅದನ್ನು ಮೂರು ಸಲ ಓದಿದಳು. ಆಮೇಲೆ ಅಂಡು ಸುಟ್ಟ ಬೆಕ್ಕಿನ ಹಾಗೆ ಪಡಸಾಲೆಯ ಆ ತುದಿಯಿಂದ ಈ ತುದಿಗೆ ತಿರುಗಿದಳು. ಬಿಟ್ಟರೆ ನೃತ್ಯವೇ ಇಲ್ಲ. ಮಾಡಿದರೆ, ಯಾರದ್ದೋ ಅವರ ಕಣ್ಣೆದುರಿಗೇ ಮಾಡಬೇಕು.

ಗುರುವಾರ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಟೀಚರ್ ಮನೆಯ ಗಂಟೆ ಒತ್ತಿದಳು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡಿದ್ದಳು. ಬಾಗಿಲು ತೆರೆಯಿತು. ಟೀಚರ್ ನಾಲ್ಕು ಕಾಲಿನ ವಾಕರ್ ಹಿಡಿದು ನಿಂತಿದ್ದರು. ಅದರ ಅಡ್ಡಪಟ್ಟಿಯ ಮೇಲೆ ಒಗೆದ ಟವೆಲ್ಲೊಂದು ಒಣಗುತ್ತಿತ್ತು.

"ಬಾ. ಶೂ ಅಲ್ಲೇ ಬಿಡು" ಎಂದರು, ನಿನ್ನೆ ತಾನೇ ಬಂದು ಹೋದವಳಿಗೆ ಹೇಳುವ ಹಾಗೆ. "ಎರಡೂ ಮಂಡಿ ಬದಲಾಯಿಸಿದ್ದಾರೆ. ಎರಡು ವರ್ಷ ಆಯ್ತು. ನಿಂಗೆಲ್ಲಿಂದ ಗೊತ್ತಿರತ್ತೆ."

ಗೊತ್ತಿರಲಿಲ್ಲ. ಬುಗುರಿ ಶೂ ಬಿಚ್ಚಿಟ್ಟಳು. ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಬಿಟ್ಟು, "ಟೀಚರ್, ಒಂದು ತೋರಿಸ್ತೀನಿ. ನೋಡಿ, ಆಮೇಲೆ ಬೈರಿ" ಎಂದು ಟೀಪಾಯಿ ಪಕ್ಕಕ್ಕೆ ಸರಿಸಿದಳು. ತೊಡೆಯ ಮೇಲೆ ಕೈ. ನಿಂತಳು. ತಿರುಗಿದಳು. ಕೂತಳು. ಹಿಂದಕ್ಕೆ ನೋಡಿದಳು. ಎದ್ದು, ಮೈಯೆಲ್ಲ ಬೆವೆತು, ಫೋನ್ ತೆಗೆದು ಅಮ್ಮ ಕಳಿಸಿದ್ದನ್ನು ಅವರ ಮುಂದೆ ಹಿಡಿದಳು.

"ನಿಮ್ಮದು ಅಂತ ಗೊತ್ತೇ ಇರ್ಲಿಲ್ಲ ಟೀಚರ್. ಆಣೆಗೂ ಗೊತ್ತಿರ್ಲಿಲ್ಲ."

ಟೀಚರ್ ಫೋನನ್ನು ದೂರಕ್ಕೆ ಹಿಡಿದು ಎರಡು ಸಲ ನೋಡಿದರು. ನಗಲಿಲ್ಲ, ಸಿಟ್ಟೂ ಆಗಲಿಲ್ಲ.

"ಇದು ಹೆಜ್ಜೆ ಅಲ್ಲ ಕಣೇ" ಎಂದರು. "ಅವತ್ತು ನನ್ನ ಮಂಡಿ ಕೈಕೊಡ್ತು. ತೊಡೆ ಮೇಲೆ ಕೈ ಇಟ್ಟಿದ್ದು ಬೀಳಬಾರದು ಅಂತ. ಎಡಕ್ಕೆ ತಿರುಗಿದ್ದು ಬಲಗಾಲಿನ ಮೇಲೆ ಭಾರ ಹಾಕಕ್ಕಾಗದೆ. ನನ್ನ ಮಂಡಿನೋವಿಗೆ ನೀನು ಎಂಟು ವಾರ ತಾಲೀಮು ಮಾಡಿದ್ದೀಯ."

ಬುಗುರಿಗೆ ನಗು ಬಂತು. ತಡೆಯಲಾರದಂಥ ನಗು. ಕಳ್ಳತನವಲ್ಲ, ಕದಿಯಲು ಅಲ್ಲಿ ನೃತ್ಯವೇ ಇರಲಿಲ್ಲ. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಗಿ, ಕಣ್ಣು ಒರೆಸಿಕೊಳ್ಳುತ್ತಾ ಕೇಳಿದಳು, "ಮತ್ತೆ ಹಿಂದೆ ತಿರುಗಿ ನೋಡೋದು?"

"ಯಾರಾದ್ರೂ ನೋಡಿಬಿಟ್ರಾ ಅಂತ ನೋಡ್ದೆ. ಎಲ್ಲರೂ ಹೋಗಿದ್ರು." ಟೀಚರ್ ಫೋನನ್ನು ವಾಪಸು ಕೊಟ್ಟರು. "ನೀನು ಬಾಗಿಲಲ್ಲಿ ಇದ್ದೆ. ಒಂದು ಕಾಲಿಗೆ ಶೂ ಹಾಕಿದ್ದೆ. ಇನ್ನೊಂದು ಕೈಲಿತ್ತು."

ಬುಗುರಿಯ ನಗು ಅಲ್ಲೇ ನಿಂತಿತು. ಎಲ್ಲಿತ್ತೋ ಏನೋ, ಆ ದಿನದ ನೆನಪು ಅಷ್ಟೂ ಒಟ್ಟಿಗೆ ಬಂತು. ಹೊರಗೆ ಅಮ್ಮ ಕರೆಯುತ್ತಿದ್ದಳು. ಟೀಚರ್ ಮುಖ ನೋವಿಗೆ ಕಿವುಚಿಕೊಂಡಿತ್ತು. ಅಂಥ ಮುಖವನ್ನು ತಾನು ನೋಡಬಾರದಿತ್ತು ಅನ್ನಿಸಿ, ಕಂಡೂ ಕಾಣದವಳ ಹಾಗೆ ಇನ್ನೊಂದು ಶೂ ಹಾಕಿಕೊಂಡು ಹೊರಟುಬಿಟ್ಟಿದ್ದಳು.

"ಆಮೇಲೆ ಹೇಗೆ ಎದ್ರಿ ಟೀಚರ್?"

"ಗೋಡೆವರೆಗೂ ತೆವಳಿದೆ. ಕಿಟಕಿ ಹಿಡ್ಕೊಂಡು ಎದ್ದೆ. ಮಾರನೇ ದಿನ ಕ್ಲಾಸ್ ಇತ್ತಲ್ಲ, ಮಾಡ್ದೆ. ಆಮೇಲೆ ನೀನು ತಂಡ ಬಿಟ್ಟು ಹೋಗ್ತೀನಿ ಅಂದಾಗ ಬಾಯಿಗೆ ಬಂದಂಗೆ ಬೈದೆ. ಎರಡನೇ ಸಲ ಹೋಗ್ತಿದ್ದೀಯ ಅನ್ನಿಸ್ತು ನಂಗೆ" ಎಂದರು.

ಬುಗುರಿ ತಲೆ ಎತ್ತಲಿಲ್ಲ. ಆದರೂ ಕೇಳದೆ ವಿಧಿಯಿರಲಿಲ್ಲ. "ಶನಿವಾರ ಇದನ್ನ ಮಾಡ್ಲಾ, ಬೇಡ್ವಾ?"

"ಬೇಡ" ಎಂದರು ಟೀಚರ್. "ನಾನು ಕೂತಿದ್ದು ನಂದು. ಅದನ್ನ ಮುಟ್ಟಬೇಡ ಅಂತ ಈಗಲೂ ಹೇಳ್ತೀನಿ. ಬಾಗಿಲಲ್ಲಿ ನಿಂತೋಳು ಯಾರು, ಅದನ್ನ ಯೋಚನೆ ಮಾಡು."

ವಾಪಸು ಬಸ್ಸಿನಲ್ಲಿ ಬುಗುರಿ ಬೆರಳು ಮಡಿಸಿ ಎಣಿಸಿದಳು. ಇದ್ದ ಅರ್ಧ ಗಂಟೆಯ ನೃತ್ಯ ಹೋಯಿತು, ಇನ್ನು ಉಳಿದದ್ದು ಒಂದೂವರೆ ದಿನ. ಶುಕ್ರವಾರ ಬೆಳಗ್ಗೆ ನೆಲದ ಮೇಲೆ ಅಂಟಿಸಿದ್ದ ಗುರುತಿನ ಟೇಪನ್ನೆಲ್ಲ ಕಿತ್ತಳು, ತಾನು ಕೂರುತ್ತಿದ್ದ ಜಾಗದ, ನಡುವಿನ ಒಂದು ಅಡ್ಡಗುರುತನ್ನು ಮಾತ್ರ ಬಿಟ್ಟು. ಒಂದು ಕಾಲಿಗೆ ಶೂ ಹಾಕಿ ಬಾಗಿಲಲ್ಲಿ ನಿಂತಳು. ಏನೂ ಬರಲಿಲ್ಲ. ಮಧ್ಯಾಹ್ನದವರೆಗೂ ಬರಲಿಲ್ಲ. ಸರ್ ಎರಡು ಸಲ ಇಣುಕಿ, ಗಡ್ಡ ಕೆರೆದುಕೊಂಡು ಹೋದರು. ಅದರಿಂದ ಇನ್ನೂ ಭಯವಾಯಿತು. ಮೂರು ಗಂಟೆಯ ಹೊತ್ತಿಗೆ ಶೂ ಇಲ್ಲದ ಕಾಲು ಹೊಸ್ತಿಲ ಒಳಗೆ ಹೋಗಲು ನೋಡುತ್ತದೆ, ಶೂ ಹಾಕಿದ ಕಾಲು ಬಿಡುವುದಿಲ್ಲ ಎಂಬುದು ಅವಳ ಗಮನಕ್ಕೆ ಬಂತು. ಅಲ್ಲಿಂದ ಹಿಡಿದಳು.

ಶನಿವಾರ ಅವಳದೇ ಕೊನೆ. ಜನ ಖಾಲಿ ನೆಲವನ್ನು ನೋಡುತ್ತಾ ಕೂತಿದ್ದರು, ಬುಗುರಿ ಪಕ್ಕದ ಬಾಗಿಲಲ್ಲಿ ಶುರು ಮಾಡಿದಳು. ಒಂದು ಕಾಲು ಒಳಕ್ಕೆ ಎಳೆಯಿತು, ಒಂದು ಹೊರಕ್ಕೆ. ಮೈ ನಡುವೆ ಸಿಕ್ಕು ತಿರುಚಿತು, ಬಾಗಿಲ ಚೌಕಟ್ಟನ್ನು ತಬ್ಬಿತು, ಜಾರಿತು, ಮತ್ತೆ ಎದ್ದಿತು. ಬಲಗೈ ಒಂದು ಸಲವೂ ತೊಡೆಗೆ ಹೋಗಲಿಲ್ಲ. ಕೊನೆಗೆ ನೆಲದ ನಡುವಿನ ಅಡ್ಡಗುರುತನ್ನೇ ನೋಡುತ್ತಾ ಇನ್ನೊಂದು ಶೂ ಹಾಕಿಕೊಂಡು ದಾರ ಕಟ್ಟಿ ಹೊರಗೆ ಹೋದಳು. ಒಂಬತ್ತು ನಿಮಿಷ. ಮುಗಿಯಿತೆಂದು ಜನಕ್ಕೆ ತಿಳಿಯಲೇ ಸುಮಾರು ಹೊತ್ತು ಹಿಡಿಯಿತು. ಬುಗುರಿ ಪಡಸಾಲೆಯ ಗೋಡೆಗೆ ಹಣೆಯಿಟ್ಟು ನಿಂತಳು. ಆಮೇಲೆ ಚಪ್ಪಾಳೆ ಕೇಳಿಸಿತು.

ರಂಗಮಂದಿರ ಉದ್ದಣ್ಣನ ಪಾಲಾಯಿತು. ಒಂಬತ್ತು ನಿಮಿಷಕ್ಕೆ ಯಾರು ರಂಗಮಂದಿರ ಕೊಡುತ್ತಾರೆ. ಸರ್ ಅವಳ ಹತ್ತಿರ ಬಂದು, "ಇದನ್ನ ಬಿಡಬೇಡ" ಎಂದಷ್ಟೇ ಹೇಳಿದರು. ಬುಗುರಿ ಉದ್ದಣ್ಣನ ಬೆನ್ನಿಗೆ ಗುದ್ದಿ ಖುಷಿಪಟ್ಟಳು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಜನ ಕೆಳಗೆ ಚಹಾಕ್ಕೆ ಇಳಿದರು. ಬುಗುರಿ ಬಾಗಿಲಲ್ಲಿ ಕೂತು ಶೂ ಬಿಚ್ಚತೊಡಗಿದಳು. ಒಂದು ಬಿಚ್ಚಿ ತಲೆಯೆತ್ತಿದರೆ ಮುಂದಿನ ಸಾಲಿನಲ್ಲಿ ಟೀಚರ್ ಒಬ್ಬರೇ ಇದ್ದರು. ಕುರ್ಚಿ ತೀರ ತಗ್ಗಿನದು. ವಾಕರನ್ನು ಯಾರೋ ದಾರಿಗೆ ಅಡ್ಡವೆಂದು ಗೋಡೆಯ ಹತ್ತಿರ ಸರಿಸಿಟ್ಟಿದ್ದರು. ಟೀಚರ್ ಬಲತೊಡೆಯ ಮೇಲೆ ಕೈಯಿಟ್ಟು ಏಳಲು ನೋಡಿದರು, ಆಗಲಿಲ್ಲ. ಯಾರಾದರೂ ನೋಡಿಬಿಟ್ಟರೇನೋ ಎಂದು ಹಿಂದಿರುಗಿ ನೋಡಿದರು.

ಬುಗುರಿ ನೋಡುತ್ತಿದ್ದಳು. ಒಂದು ಕಾಲಿನಲ್ಲಿ ಶೂ ಇತ್ತು, ಇನ್ನೊಂದು ಕೈಯಲ್ಲಿತ್ತು.

"ನೋಡ್ತಾ ಕೂತ್ಕೋಬೇಡ" ಎಂದರು ಟೀಚರ್. "ಕೈ ಕೊಡು ಬಾ."

ಬುಗುರಿ ಕೈಯಲ್ಲಿದ್ದ ಶೂವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.