ಬಾಗಿಲಿಗೆ ಬೇವು

ಮನೆಗೆ ಬಂದವರಿಗೆ ‘ಬರಬೇಡಿ’ ಅನ್ನುವ ಮಾತು ಚಿಕ್ಕಗಂಗಮ್ಮನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಗುಬ್ಬಿಯ ಅವಳ ಮನೆಯ ಹೊಸಿಲು ತುಳಿದವರು ಒಂದು ಲೋಟ ಮಜ್ಜಿಗೆಯನ್ನಾದರೂ ಕುಡಿಯದೆ ಎದ್ದುಹೋದದ್ದಿಲ್ಲ. ಅಂಥವಳಿಗೆ ಈಗ ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಒಂದೇ ಕೆಲಸ: ಮಗಳ ಹತ್ತಿರ ಯಾರನ್ನೂ ಬಿಡದಿರುವುದು.

ಮಗಳು ಪ್ರೇಮಲತಾ ಕುಣಿಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಚರ್ಮ ದಿನೇ ದಿನೇ ಗಟ್ಟಿಯಾಗುತ್ತಾ ಬಂದು ಅವಳಿಗೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು, ಆಮೇಲೆ ಉಸಿರಾಟಕ್ಕೂ ತೊಡಕಾಯಿತು. ರೋಗ ತಡೆಯಬೇಕಾದ ಶಕ್ತಿಯೇ ತಿರುಗಿ ಅವಳ ಮೈಮೇಲೆ ಬಿದ್ದಿದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗ ಚಿಕ್ಕಗಂಗಮ್ಮನಿಗೆ ತಟ್ಟನೆ ಅರ್ಥವಾಗಿತ್ತು.

“ಬೇಲಿನೇ ಎದ್ದು ಹೊಲ ಮೇಯ್ತಾ ಐತೆ ಅನ್ನಿ.”

ಡಾಕ್ಟರು ನಕ್ಕಿದ್ದರು. ಮಗಳ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನೇ ಮೊದಲು ತೆಗೆದಿಟ್ಟು, ಕಡು ಔಷಧಿ ಹಾಕಿ ಹಳೇ ಬೇಲಿಯನ್ನೆಲ್ಲ ಕಿತ್ತು, ಅವನ್ನು ಮತ್ತೆ ಅವಳ ರಕ್ತಕ್ಕೆ ಬಿಟ್ಟಿದ್ದರು. “ಹೊಸ ಬೇಲಿ ಬೆಳೆಯೋ ತನಕ ಈಕೆ ಹಸುಗೂಸು. ಜ್ವರ, ಬೊಬ್ಬೆ ಏನೇ ಕಂಡರೂ ಆ ಗಳಿಗೆಯಲ್ಲೇ ತುಮಕೂರಲ್ಲಿ ಡಾಕ್ಟರ್ ಸುಮನಾ ಹತ್ತಿರ ಓಡಿ” ಎಂದು ಹೇಳಿ ಕಳಿಸಿದ್ದರು.

ಆದರೆ ನೆಂಟರಿಗೆ ಇದನ್ನೆಲ್ಲ ಹೇಳಿ ಗೆದ್ದವರುಂಟೇ? ನಾದಿನಿ ರಂಗಮ್ಮ ದೇವರಾಯನದುರ್ಗದ ಪ್ರಸಾದ, ಹಾರ, ಜೊತೆಗೆ ಜೋರು ನೆಗಡಿ, ಮೂರನ್ನೂ ಹೊತ್ತು ಬಂದಿಳಿದಳು. ಆಟೋ ಸದ್ದು ಕೇಳಿದ್ದೇ ಚಿಕ್ಕಗಂಗಮ್ಮ ಹಿತ್ತಲ ಬೇವಿನ ಸೊಪ್ಪು ಮುರಿದು ಬಾಗಿಲಿಗೆ ಸಿಕ್ಕಿಸಿಬಿಟ್ಟಳು.

“ಒಳಕ್ಕೆ ಬರ್ಬೇಡ ಕಣೇ ರಂಗಿ, ಮಗೀಗೆ ಅಮ್ಮ ಆಗೈತೆ.”

ರಂಗಮ್ಮ ಗಲ್ಲ ಗಲ್ಲ ಬಡಿದುಕೊಂಡು ಗೇಟಿನಿಂದಲೇ ಹಿಂದಿರುಗಿದಳು. ಸಂಜೆಯೊಳಗೆ ಸುದ್ದಿ ಇಡೀ ಗುಬ್ಬಿಗೆ ಹಬ್ಬಿತು; ಆಮೇಲೆ ಒಂದು ನರಪಿಳ್ಳೆಯೂ ಆ ಕಡೆ ಸುಳಿಯಲಿಲ್ಲ.

“ಸುಳ್ಳು ಹೇಳೋಕೆ ನಿಂಗೆ ದೇವ್ರೇ ಬೇಕಿತ್ತಾ ಅವ್ವ?” ಎಂದು ಪ್ರೇಮಲತಾ ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅವಳ ಹಣೆಯ ಒಂದು ಪಕ್ಕ ಉರಿಯತೊಡಗಿತು. ಮಧ್ಯಾಹ್ನಕ್ಕೆ ಹುಬ್ಬಿನ ಮೇಲೆ ನೀರುಗುಳ್ಳೆ ಎದ್ದವು. ಚಿಕ್ಕಗಂಗಮ್ಮ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಕೈಮುಗಿದಳು. ಬಾಯಾರೆ ಕರೆದಿದ್ದಳು, ಅಮ್ಮ ಬಂದೇಬಿಟ್ಟಿದ್ದಳು!

“ಡಾಕ್ಟ್ರಿಗೆ ತೋರಿಸ್ಬೇಕು, ಹೋಗಣ ನಡಿ ಅವ್ವ.”

“ಸುಮ್ಕಿರು! ನನ್ ಬಾಯಿಂದ್ಲೇ ಆಗಿದ್ದು ಇದು. ಅಮ್ಮ ಬಂದಾಗ ಔಷ್ದಿ ಮುಟ್ಟುದ್ರೆ ಇನ್ನೂ ಮುನಿಸ್ಕೊತಾಳೆ. ತಪ್ಪು ಕಾಣಿಕೆ ಕಟ್ಟಿವ್ನಿ, ಇಳೀತಾಳೆ ಬುಡು.”

ಪ್ರೇಮಲತಾ ವಾದ ಮಾಡಿದಳು, ಗೋಗರೆದಳು. ಎದ್ದು ಹೋಗುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಫೋನು ಅವ್ವನ ಸೆರಗಿನ ಗಂಟಿನಲ್ಲಿತ್ತು. ಮರುದಿನವೆಲ್ಲ ಮೊಸರನ್ನ, ಬೇವು, ಅರಿಸಿನದ ನೀರಿನಲ್ಲೇ ಕಳೆಯಿತು. ಅದರ ಮಾರನೇ ಬೆಳಗ್ಗೆ ಮಗಳ ಮೈ ಕೆಂಡದಂತೆ ಸುಡುತ್ತಿತ್ತು, ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಆ ಕಣ್ಣು ಕಂಡದ್ದೇ ಚಿಕ್ಕಗಂಗಮ್ಮನ ಭಕ್ತಿಯೆಲ್ಲ ಜರ್ರನೆ ಇಳಿದುಹೋಯಿತು. ಬರಿಗಾಲಲ್ಲೇ ರಸ್ತೆಗೆ ಓಡಿ ಆಟೋ ಹಿಡಿದಳು.

ಡಾಕ್ಟರ್ ಸುಮನಾ ಗುಳ್ಳೆಗಳನ್ನು ನೋಡಿ ಕೇಳಿದರು: “ಯಾವತ್ತು ಶುರುವಾಯ್ತು?”

ಚಿಕ್ಕಗಂಗಮ್ಮ ಮಗಳ ಕಡೆ ನೋಡಿದಳು. ಅಷ್ಟರಲ್ಲಿ ಪ್ರೇಮಲತಾ ಹೇಳಿಬಿಟ್ಟಳು, “ಇವತ್ತೇ ಡಾಕ್ಟ್ರೇ. ಬೆಳಗ್ಗೆ.”

“ಹಾಗಾದ್ರೆ ಭಯ ಬೇಡ, ಬೇಗ ಬಂದಿದೀರ” ಎಂದು ಡಾಕ್ಟರು ಬರೆಯಲು ಕೂತರು.

ಸುಮ್ಮನಿದ್ದುಬಿಡಬಹುದಿತ್ತು. ಮಗಳೇ ಮಾನ ಕಾಪಾಡಿದ್ದಳು. ಆದರೆ ಆ ಸುಳ್ಳಿನ ಮೇಲೆ ಮದ್ದಿನ ಅಳತೆ ನಿಂತಿದೆಯೆಂದು ತಾಯಿಗೆ ಹೊಳೆಯಿತು. ಅವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು.

“ಇವತ್ತಲ್ಲ ಡಾಕ್ಟ್ರಮ್ಮ, ಮೊನ್ನೆ. ಅವ್ಳು ಬಡ್ಕೊಂಡ್ಲು. ಅಮ್ಮ ಅಂತ ನಾನೇ ತಡ್ದೆ.”

ಸುಮನಾರ ಪೆನ್ನು ನಿಂತಿತು. ನರ್ಸನ್ನು ಕೂಗಿ ಡ್ರಿಪ್ ಹಾಕಲು ಹೇಳಿದರು, ಕಣ್ಣಿನ ಡಾಕ್ಟರಿಗೆ ಫೋನು ಮಾಡಿದರು.

“ಚಿಕ್ಕೋಳಿದ್ದಾಗ ಇವಳಿಗೆ ಅಮ್ಮ ಆಗಿತ್ತಾ?”

“ಹೂಂ. ಸ್ಕೂಲಿಗೆ ಹೋಗೋ ಕಾಲ್ದಾಗೆ.”

“ಅದೇ ಇದು, ಸರ್ಪಸುತ್ತಾಗಿ ಬಂದಿದೆ. ಇಷ್ಟು ದಿನ ಒಳಗೇ ಮಲಗಿತ್ತು, ಕಾವಲಿಲ್ಲ ಅಂತ ಎದ್ದಿದೆ. ಯಾರೂ ಹೊರಗಿಂದ ತಂದಿದ್ದಲ್ಲ, ನಿಮ್ಮ ಬಾಯಿಂದ ಬಂದಿದ್ದೂ ಅಲ್ಲ.”

“ಕಣ್ಣು ಉಳಿತದಾ ತಾಯಿ?”

“ಮೊನ್ನೆ ಕೇಳಿದ್ದಿದ್ರೆ ಹೂಂ ಅಂತಿದ್ದೆ” ಅಂದರು ಡಾಕ್ಟರು.