ಅಕ್ಕ ಕಲಿಸಿದ ಸರ್ವೀಸ್

ಬ್ಯಾಡ್ಮಿಂಟನ್ ಕೋಚ್ ಮೇಡಂ ಯಾರ ತಪ್ಪನ್ನೂ ತಾವಾಗಿ ಹೇಳುತ್ತಿರಲಿಲ್ಲ. ಸರ್ವೀಸ್ ಮಾಡುವುದನ್ನು ಫೋನಿನಲ್ಲಿ ಹಿಡಿದು, ಮಾಡಿದವರ ಕೈಗೇ ಕೊಡುತ್ತಿದ್ದರು. ತನ್ನ ತಪ್ಪನ್ನು ತಾನೇ ಕಂಡು, ಎಲ್ಲರೆದುರು ಬಾಯಿಬಿಟ್ಟು ಹೇಳಿ, ತಿದ್ದಿಕೊಂಡವರಿಗೆ ಮಾತ್ರ ತಂಡದಲ್ಲಿ ಜಾಗ.

"ನನ್ನದೇನೂ ತಪ್ಪಿಲ್ಲ ಮೇಡಂ, ನೆಟ್ಟೇ ಎತ್ತರಕ್ಕೆ ಕಟ್ಟಿದ್ದಾರೆ," ಎಂದ ಗುಂಡ.

"ಹೌದಪ್ಪ, ಕುಣಿಯಲಾರದವಳಿಗೆ ನೆಲ ಡೊಂಕು!" ಹುಡುಗರ ಸಾಲಿನಿಂದ ಯಾರೋ ಛೇಡಿಸಿದರು.

ಎಲ್ಲರೂ ನಕ್ಕರು. ಆಮೇಲೆ ಪುಟ್ಟಿಯ ಸರದಿ.

ಫೋನಿನಲ್ಲಿ ತನ್ನ ಸರ್ವೀಸ್ ನೋಡಿದರೆ ಅವಳಿಗೆ ಅಕ್ಕ ಕಂಡಳು. ಅದೇ ಕೆಳತುಟಿ ಕಚ್ಚುವುದು, ಹೊಡೆಯುವ ಮುಂಚೆ ಒಂದು ಉಸಿರು ತಡೆಯುವುದು, ಹಿಂದಿನ ಕಾಲನ್ನು ನೆಲದ ಮೇಲೆ ಸರ್ರನೆ ಎಳೆಯುವುದು. ಸರ್ವೀಸ್ ಹೇಳಿಕೊಟ್ಟವಳೇ ಅಕ್ಕ. ತಪ್ಪನ್ನೂ ಸೇರಿಸಿಯೇ ಹೇಳಿಕೊಟ್ಟಿದ್ದಳು. ಕಳೆದ ವರ್ಷ ಜ್ವರವೆಂದು ಮಲಗಿದವಳು ಮೇಲೇಳಲಿಲ್ಲ. ಅಂದಿನಿಂದ ಪುಟ್ಟಿಯ ಆ ಕಾಲಿನ ಬಗ್ಗೆ ಹಾಲ್‌ನಲ್ಲಿ ಯಾರೂ ತುಟಿಪಿಟಕ್ಕೆಂದಿರಲಿಲ್ಲ.

ಅಂಗಡಿ ಕೆಲಸ ಮುಗಿಸಿ ಬಂದು ಗೋಡೆ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಅಮ್ಮ ಆಟವನ್ನೇನೂ ನೋಡುತ್ತಿರಲಿಲ್ಲ. ಪುಟ್ಟಿ ಸರ್ವೀಸಿಗೆ ನಿಂತಾಗ ಮಾತ್ರ ತಲೆ ಎತ್ತುತ್ತಿದ್ದಳು. ಯಾಕೆಂದು ಪುಟ್ಟಿಗೆ ಗೊತ್ತಿತ್ತು.

"ಏನು ಕಾಣಿಸ್ತು ಮರಿ?" ಮೇಡಂ ಮೆಲ್ಲಗೆ ಕೇಳಿದರು.

ಏನೂ ಇಲ್ಲ ಎಂದುಬಿಟ್ಟರೆ ತಂಡ ತಪ್ಪುತ್ತದೆ, ಅಮ್ಮನಿಗೆ ಅಕ್ಕ ಉಳಿಯುತ್ತಾಳೆ. ಆದರೆ ಪುಟ್ಟಿಗೆ ಆಡಬೇಕಿತ್ತು. ಆ ಆಸೆಗೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹಿಂದಿನ ಕಾಲು ಎಳೀತೀನಿ ಮೇಡಂ. ಅದು ಫಾಲ್ಟು."

"ಎಳೀದೆ ಮಾಡು ನೋಡೋಣ."

ಎರಡೂ ಪಾದಗಳನ್ನು ನೆಲಕ್ಕೆ ಅಂಟಿಸಿ ನಿಂತಳು. ಶಟಲ್ ನೆಟ್ಟನ್ನು ಸವರಿದಂತೆ ದಾಟಿ ಗೆರೆಯ ಮೇಲೇ ಬಿತ್ತು.

"ಹೋಗೇ, ಜಾಗ ಹೊಡ್ಕೊಂಡ್‌ಬಿಟ್ಟೆ!" ಗುಂಡ ಚಪ್ಪಾಳೆ ತಟ್ಟಿದ.

ಪುಟ್ಟಿ ಬೆಂಚಿನತ್ತ ತಿರುಗಿದಳು. ಅಮ್ಮ ಇನ್ನೂ ಅವಳ ಪಾದದ ಹಿಂದಿನ ನೆಲವನ್ನೇ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಕೇಳಿದಳು, "ಚೆನ್ನಾಗಿತ್ತೇನಮ್ಮಾ?"

"ಚೆನ್ನಾಗಿತ್ತು ಕಣೇ. ಯಾರೂ ಬೆಟ್ಟು ಮಾಡೋ ಹಾಗಿರಲಿಲ್ಲ." ಅಮ್ಮ ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಸ್ವಲ್ಪ ದೂರ ನಡೆದ ಮೇಲೆ, "ನಾಳೆಯಿಂದ ಒಬ್ಬಳೇ ಮನೆಗೆ ಬಂದುಬಿಡ್ತೀಯಾ? ಅಂಗಡೀಲಿ ಕೆಲಸ ಜಾಸ್ತಿ," ಎಂದಳು.

"ಹೂಂ, ಬರ್ತೀನಿ," ಎಂದಳು ಪುಟ್ಟಿ.